ದೀಪ ಎಲ್ಲರದೂ ಉರಿಯುತ್ತೆ, ಲೆಕ್ಕ ಯಾರು ಇಡ್ತಾರೆ?

ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಈ ನೋಟ ಹೊಸದಲ್ಲ. ಹೊರಗೆ ಗವ್ವೆನ್ನುವ ಕತ್ತಲು. ಇದ್ದಕ್ಕಿದ್ದಂತೆ ಒಂದು ಹೊಲದ ತುಂಬ ಬಲ್ಬುಗಳು. ಗೊತ್ತಿಲ್ಲದವರು ಮದುವೆ ಮನೆಯೋ, ಊರ ಜಾತ್ರೆಯೋ ಅಂದ್ಕೋಬೇಕು. ಮದುವೆಯೂ ಇಲ್ಲ, ಜಾತ್ರೆಯೂ ಇಲ್ಲ. ಅದು ಸೇವಂತಿಗೆ ತೋಟ. ಗಿಡಕ್ಕೆ ರಾತ್ರಿ ಆಗಿದ್ದು ಗೊತ್ತಾಗದಿರಲಿ ಅಂತ ರೈತ ಹಚ್ಚಿಟ್ಟ ದೀಪ.

ಇದರ ಗುಟ್ಟು ಸರಳ. ಸೇವಂತಿಗೆ ರಾತ್ರಿ ಉದ್ದ ಇದ್ದಾಗ ಮೊಗ್ಗು ಕಟ್ಟುವ ಗಿಡ. ದಸರಾ ಕಳೆದು ಇರುಳು ಬೆಳೆಯುತ್ತಿದ್ದಂತೆ ಗಿಡ ಇನ್ನೂ ಗೇಣುದ್ದ ಇದ್ದರೂ ಮೊಗ್ಗಿಗೆ ಬಂದುಬಿಡುತ್ತೆ. ಗಿಡ ಸಣ್ಣ, ಹೂವೂ ಕಮ್ಮಿ. ನಡುರಾತ್ರಿಯಲ್ಲಿ ಕೆಲವು ಗಂಟೆ ಬೆಳಕು ಬಿಟ್ಟರೆ ಆ ಉದ್ದದ ಕತ್ತಲೆ ಎರಡು ತುಂಡಾಗುತ್ತೆ. ಗಿಡ ಮೋಸಹೋಗಿ ಬೆಳೆಯುತ್ತಲೇ ಇರುತ್ತೆ. ರೈತ ಯಾವತ್ತು ದೀಪ ಆರಿಸುತ್ತಾನೋ ಅವತ್ತಿನಿಂದ ಲೆಕ್ಕ ಶುರು. ತಳಿಗೆ ತಕ್ಕಂತೆ ಏಳರಿಂದ ಹತ್ತು ವಾರಕ್ಕೆ ಹೂವು. ಹಗಲು ಇರುಳಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲೇ ಬರೆದಿಟ್ಟಿದ್ದರು. ಅದು ಇವತ್ತು ಇಲ್ಲಿನ ಹಳ್ಳಿಗಳವರೆಗೂ ಬಂದಿದೆ.

ಅಂದರೆ ಹೂವು ಯಾವ ದಿನ ಅರಳಬೇಕು ಅನ್ನೋದು ಈಗ ರೈತನ ಕೈಯಲ್ಲಿದೆ. ಅಷ್ಟಾದ ಮೇಲೂ ಹಬ್ಬದ ಮಾರನೇ ದಿನ ಚೀಲ ಚೀಲ ಹೂವನ್ನು ರಸ್ತೆ ಬದಿಗೆ ಸುರಿಯೋದು ಯಾಕೆ ನಿಂತಿಲ್ಲ? ದೀಪ ಬಂತು, ಬೆಲೆ ಯಾಕೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಇದೇ ಬಲ್ಬನ್ನು ಇಲ್ಲಿನವರಿಗಿಂತ ಎಷ್ಟೋ ವರ್ಷ ಮುಂಚೆ ಹೊಲಕ್ಕೆ ಕಟ್ಟಿದ ಒಂದು ದ್ವೀಪದ ಕಡೆ ಕಣ್ಣು ಹಾಯಿಸಬೇಕು. ಅದರ ಹೆಸರು ಒಕಿನಾವಾ.

ಸಮುದ್ರದ ನಡುವೆ ಸೇವಂತಿಗೆ

ಒಕಿನಾವಾ ಜಪಾನಿನ ತೀರ ದಕ್ಷಿಣದ ಪ್ರಾಂತ್ಯ. ಚಿಕ್ಕಪುಟ್ಟ ದ್ವೀಪಗಳೆಲ್ಲ ಸೇರಿ ಸುಮಾರು 2,280 ಚದರ ಕಿಲೋಮೀಟರು. ಚಿಕ್ಕಬಳ್ಳಾಪುರ ಜಿಲ್ಲೆಯ ಅರ್ಧಕ್ಕಿಂತ ಒಂದಿಷ್ಟು ಜಾಸ್ತಿ ಅಷ್ಟೆ. 1945ರಲ್ಲಿ ಎರಡನೇ ಮಹಾಯುದ್ಧದ ಭೀಕರ ಕದನ ನಡೆದ ನೆಲ. ಯುದ್ಧ ಮುಗಿದರೂ ಅಮೆರಿಕದ ಆಡಳಿತ ಮುಗಿಯಲಿಲ್ಲ. 1972ರ ಮೇ 15ರಂದು ಮಾತ್ರ ಅದು ಮತ್ತೆ ಜಪಾನಿಗೆ ಸೇರಿತು. ಆದರೂ ಒಳ್ಳೊಳ್ಳೆ ಜಮೀನಿನ ಮೇಲೆ ಅಮೆರಿಕದ ಸೈನ್ಯದ ನೆಲೆಗಳು ಹಾಗೇ ಉಳಿದವು. ಪಕ್ಕದ ಇಯೆ ಎಂಬ ಪುಟ್ಟ ದ್ವೀಪ ಇರೋದೇ 23 ಚದರ ಕಿಲೋಮೀಟರು. ಅದರಲ್ಲಿ ಮೂರನೇ ಒಂದು ಭಾಗ ಸೈನ್ಯದ ಕೈಯಲ್ಲಿ.

ಉಳಿದ ನೆಲದಲ್ಲಿ ಹೆಚ್ಚಾಗಿ ಕಬ್ಬು. ತುಂಡು ಜಮೀನಿನ ರೈತನಿಗೆ ಕಬ್ಬಿನಲ್ಲಿ ಎಷ್ಟು ಗಿಟ್ಟೀತು? ಜಪಾನಿಗೆ ಸೇರಿದ ಮೇಲೆ, 1970ರ ದಶಕದಲ್ಲಿ, ಅಲ್ಲಿನವರು ಹೂವಿನ ಕಡೆ ತಿರುಗಿದರು. ಕಾರಣ ಹವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಟೋಕಿಯೋ ಕಡೆ ಚಳಿ. ಅಲ್ಲಿ ಹೂ ಬೆಳೆಯಬೇಕಾದರೆ ಗಾಜಿನ ಮನೆ ಕಟ್ಟಿ ಎಣ್ಣೆ ಸುಟ್ಟು ಬೆಚ್ಚಗಿಡಬೇಕು. ಒಕಿನಾವಾದಲ್ಲಿ ಬಯಲಲ್ಲೇ ಬೆಳೆಯುತ್ತೆ. ಬೇಕಾದದ್ದು ಬೆಂಕಿಯಲ್ಲ, ಬಲ್ಬು ಮಾತ್ರ.

ಯೋಮಿತಾನ್, ನಾಗೋ, ಇತೋಮಾನ್, ಇಯೆ ದ್ವೀಪ. ಈ ಊರುಗಳ ಹೊಲಗಳು ಚಳಿಗಾಲದ ರಾತ್ರಿ ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತಿದ್ದವು. ನೋಡೋಕೆ ಅಂತಲೇ ಜನ ಬರೋರು. ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಎರಡರವರೆಗೆ ದೀಪ. ಮೊದಲು ಹಳದಿ ಬೆಳಕಿನ ಬಲ್ಬು, ಆಮೇಲೆ ಕರೆಂಟು ಉಳಿಸುವ ಎಲ್‌ಇಡಿ. ಇವತ್ತು ಜಪಾನಿನಲ್ಲಿ ಸೇವಂತಿಗೆ ಬೆಳೆಯುವುದರಲ್ಲಿ ಐಚಿ ಪ್ರಾಂತ್ಯ ಮೊದಲು, ಒಕಿನಾವಾ ಎರಡನೆಯದು.

ಅಲ್ಲಿ ಹೂವಿನ ಹಬ್ಬ ಯಾವುದು ಅಂತ ಕೇಳಿದರೆ ಇಲ್ಲಿನವರಿಗೆ ಸೋಜಿಗ ಆಗುತ್ತೆ. ಇಲ್ಲಿ ಪಿತೃಪಕ್ಷ ಬಂತು ಅಂದರೆ ಹೂವಿನ ಧಾರಣೆ ನೆಲ ಕಚ್ಚುತ್ತೆ. ಅಲ್ಲಿ ಹಿರಿಯರನ್ನು ನೆನೆಯುವ ವಾರದಲ್ಲೇ ಧಾರಣೆ ಏರೋದು. ವರ್ಷಕ್ಕೆ ಎರಡು ಸಲ, ಹಗಲು ಇರುಳು ಸಮ ಆಗುವ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಏಳು ದಿನ ‘ಹಿಗಾನ್’ ಆಚರಣೆ. ಮನೆಮಂದಿಯೆಲ್ಲ ಸಮಾಧಿಗೆ ಹೋಗಿ ಹಳದಿ, ಬಿಳಿ, ಕೆಂಪು ಚಿಕ್ಕ ಸೇವಂತಿಗೆ ಇಟ್ಟು ಕೈ ಮುಗಿಯುತ್ತಾರೆ. ಮಾರ್ಚ್ ಹಿಗಾನಿಗೆ ಹೂ ಕಳಿಸೋದರಲ್ಲಿ ಒಕಿನಾವಾದ್ದು ದೊಡ್ಡ ಪಾಲು. ಇಲ್ಲಿ ಯುಗಾದಿಗೆ ಹೂ ಬೇಕಾದ ಹೊತ್ತಿನಲ್ಲೇ ಅಲ್ಲಿ ಹಿಗಾನಿಗೆ ಹೂ ಬೇಕು. ಇಬ್ಬರ ಬಲ್ಬೂ ಒಂದೇ, ತಿಂಗಳೂ ಹೆಚ್ಚುಕಮ್ಮಿ ಒಂದೇ.

ಹಡಗು ಒಬ್ಬನಿಗಾಗಿ ಬರೋದಿಲ್ಲ

ವ್ಯತ್ಯಾಸ ಇರೋದು ಮಾರುಕಟ್ಟೆಯ ದಾರಿಯಲ್ಲಿ. ಒಕಿನಾವಾದ ನಾಹಾ ಪಟ್ಟಣದಿಂದ ಟೋಕಿಯೋಗೆ ಸುಮಾರು 1,550 ಕಿಲೋಮೀಟರು, ನಡುವೆ ಸಮುದ್ರ. ಇಯೆ ದ್ವೀಪದ ರೈತನಿಗೆ ಇನ್ನೂ ಒಂದು ದಾಟು ಹೆಚ್ಚು. ಹೂವನ್ನು ಮೊದಲು ಅರ್ಧ ಗಂಟೆ ಹಡಗಿನಲ್ಲಿ ಮೊತೊಬು ಬಂದರಿಗೆ ತರಬೇಕು. ಆಮೇಲೆ ವಿಮಾನ, ಇಲ್ಲವೇ ತಂಪು ಪೆಟ್ಟಿಗೆಯ ಹಡಗು. ಅರ್ಧ ಎಕರೆ ಸೇವಂತಿಗೆ ಬೆಳೆದವನು ಒಬ್ಬನೇ ಹೋಗಿ ವಿಮಾನದಲ್ಲಿ ಜಾಗ ಕೇಳಿದರೆ ಯಾರು ಕೊಟ್ಟಾರು? ನೂರಾರು ಜನ ಒಟ್ಟಾಗಿ ಕೇಳಿದರೆ ಮಾತ್ರ ಜಾಗ, ಮಾತ್ರ ರಿಯಾಯಿತಿ.

ಹಾಗಾಗಿ ಸಂಘ ಕಟ್ಟಿದರು. ಹೂ ಬೆಳೆಗಾರರದ್ದೇ ಒಂದು ಪ್ರತ್ಯೇಕ ಸಹಕಾರ ಸಂಘ. ಪೆಟ್ಟಿಗೆ ಮೇಲೆ ಅದರ ಹೆಸರು ‘ತಾಯೋ ನೋ ಹನಾ’, ಅಂದರೆ ಸೂರ್ಯನ ಹೂವು. ಇದರ ಜತೆಗೆ ಊರೂರಿನ ಸಾಮಾನ್ಯ ಕೃಷಿ ಸಹಕಾರ ಸಂಘಗಳು. 2002ರಲ್ಲಿ ಇವು ಬಹುತೇಕ ಒಂದಾಗಿ ‘ಜೆಎ ಒಕಿನಾವಾ’ ಎಂಬ ಒಂದೇ ದೊಡ್ಡ ಸಂಘ ಆಯಿತು. ದ್ವೀಪದ ಹೂವು ಹೆಚ್ಚಾಗಿ ಹೊರಕ್ಕೆ ಹೋಗೋದು ಈ ಎರಡು ಬಾಗಿಲಿನಿಂದ.

ಸಂಘ ಅಂದರೆ ಬರೀ ಲಾರಿ ಮತ್ತು ಪೆಟ್ಟಿಗೆ ಅಲ್ಲ. ಇಂಥ ಸಂಘಗಳಲ್ಲಿ ನಡೆಯುವ ಮುಖ್ಯ ಕೆಲಸ ಕಾಗದದ ಮೇಲಿನದು. ಯಾರು ಎಷ್ಟು ನೆಟ್ಟರು, ಯಾವ ತಳಿ, ಯಾವ ಬಣ್ಣ, ಯಾವತ್ತು ದೀಪ ಆರಿಸ್ತಾರೆ ಅನ್ನೋ ಲೆಕ್ಕ ಮುಂಚೆಯೇ ಒಟ್ಟಾಗುತ್ತೆ. ಮಾರ್ಚ್ ಮೂರನೇ ವಾರಕ್ಕೆ ಹೂ ಬೇಕಾದರೆ ಜನವರಿಯಲ್ಲೇ ದೀಪ ಆರಬೇಕು. ಅಂದರೆ ಹೂ ಅರಳುವ ಎರಡು ತಿಂಗಳ ಮುಂಚೆಯೇ ಎಷ್ಟು ಬರುತ್ತೆ ಅನ್ನೋದು ಗೊತ್ತು. ಟೋಕಿಯೋದ ಓಟಾ ಮಾರುಕಟ್ಟೆಯವರಿಗೆ, ಬೇರೆ ಊರಿನ ಹರಾಜು ಕಟ್ಟೆಗಳಿಗೆ ಇಂಥ ವಾರ ಇಷ್ಟು ಅಂತ ಹೇಳಬಹುದು. ಹೂವು ಬಂದಾಗ ಉದ್ದ, ದಪ್ಪ, ಅರಳಿದ ಹದ ನೋಡಿ ದರ್ಜೆ ಮಾಡಿ, ಸಂಘದ ಹೆಸರಿನ ಪೆಟ್ಟಿಗೆಗೆ ತುಂಬುತ್ತಾರೆ. ಒಬ್ಬ ರೈತ ಅಡಿಯಲ್ಲಿ ಕೊಳೆತದ್ದು ಇಟ್ಟರೆ ಹೋಗೋದು ಅವನ ಹೆಸರಲ್ಲ, ಎಲ್ಲರ ಹೆಸರು. ಅದಕ್ಕೇ ಒಬ್ಬರ ಮೇಲೊಬ್ಬರಿಗೆ ಕಣ್ಣು.

ಈ ಶಿಸ್ತು ಅಲ್ಲಿನವರ ಹುಟ್ಟುಗುಣ ಅಂತ ಹೇಳೋದು ಸುಲಭ. ಹುಟ್ಟುಗುಣ ಅಲ್ಲ, ಗತ್ಯಂತರ ಇರಲಿಲ್ಲ. ಸಮುದ್ರ ಅವರನ್ನು ಒಟ್ಟು ಮಾಡಿತು.

ಅರವತ್ತು ಕಿಲೋಮೀಟರಿನ ಶಾಪ

ಚಿಕ್ಕಬಳ್ಳಾಪುರಕ್ಕೆ ಬೆಂಗಳೂರು ಹತ್ತಿರ ಹತ್ತಿರ 60 ಕಿಲೋಮೀಟರು. ಒಳ್ಳೆ ರಸ್ತೆ. ಸಂಜೆ ಕಿತ್ತ ಹೂವು ಬೆಳಕು ಹರಿಯುವ ಮುಂಚೆ ಕೆ.ಆರ್. ಮಾರ್ಕೆಟ್ಟಿನಲ್ಲಿ. ಟೆಂಪೋ ಬೇಕೇ, ಬೆಳಗಿನ ಬಸ್ಸಿನ ಟಾಪು ಬೇಕೇ, ಎಲ್ಲ ಉಂಟು. ಇದು ವರ. ಆದರೆ ಇದೇ ವರ ಒಂದು ಲೆಕ್ಕದಲ್ಲಿ ಶಾಪವೂ ಆಗಿದೆ. ಒಬ್ಬೊಬ್ಬನೂ ಒಂಟಿಯಾಗಿ ಹೋಗಬಹುದಾದ್ದರಿಂದ ಒಬ್ಬೊಬ್ಬನೂ ಒಂಟಿಯಾಗಿಯೇ ಹೋಗ್ತಾನೆ. ಪಕ್ಕದ ಹೊಲದವನು ಯಾವತ್ತು ದೀಪ ಆರಿಸಿದ ಅನ್ನೋದು ಬೇಲಿಯಾಚೆ ನೋಡಿದರೆ ಕಾಣುತ್ತೆ. ಪಕ್ಕದ ಹೋಬಳಿಯಲ್ಲಿ ಎಷ್ಟು ಎಕರೆ ದೀಪ ಆರಿತು ಅನ್ನೋದು ಯಾರಿಗೂ ಗೊತ್ತಿಲ್ಲ. ಎಲ್ಲರ ಕಣ್ಣೂ ಅದೇ ಪಂಚಾಂಗದ ಮೇಲೆ. ಸಂಕ್ರಾಂತಿ, ಶಿವರಾತ್ರಿ, ಯುಗಾದಿ. ಎಲ್ಲರೂ ಅದೇ ವಾರಕ್ಕೆ ಗುರಿ ಇಟ್ಟರೆ ಆ ವಾರ ಹೂವಿನ ಗುಡ್ಡ, ಮುಂದಿನ ವಾರ ಬರಗಾಲ.

ಬಲ್ಬು ಇಲ್ಲದ ಕಾಲದಲ್ಲಿ ಒಂದು ಗಿಡ ಮುಂಚೆ, ಒಂದು ಗಿಡ ತಡ. ಹವೆ ನೋಡಿಕೊಂಡು ಹಿಂದೆ ಮುಂದೆ ಅರಳುತ್ತಿತ್ತು. ಬಲ್ಬು ಬಂದ ಮೇಲೆ ಗುರಿ ನಿಖರ ಆಯಿತು. ಗುರಿ ನಿಖರ ಆದಷ್ಟೂ ಗುದ್ದಾಟ ಜಾಸ್ತಿ. ಒಂದೇ ಬಾಗಿಲಿಗೆ ಒಂದೇ ಗಳಿಗೆಗೆ ನೂರು ಜನ ನುಗ್ಗಿದ ಹಾಗೆ. ಲೆಕ್ಕ ಇಡುವ ಒಂದು ಕೈ ಇಲ್ಲದಿದ್ದರೆ ದೀಪದಿಂದ ಲಾಭ ಬರೋದು ಬಲ್ಬು ಮಾರಿದವನಿಗೆ, ವೈರು ಮಾರಿದವನಿಗೆ.

ಮಂಡಿಯ ವ್ಯಾಪಾರಿಯನ್ನು ಬಯ್ಯುವುದು ವಾಡಿಕೆ. ಕಮಿಷನ್ ಜಾಸ್ತಿ, ತೂಕದಲ್ಲಿ ಕಡಿತ ಅನ್ನೋ ದೂರು ಹಳೇದು, ಎಷ್ಟೋ ಸಲ ನಿಜವೂ ಹೌದು. ಆದರೆ ಮುಂಗಡ ಕೊಟ್ಟು, ಮದುವೆ ಮುಂಜಿಗೆ ಸಾಲ ಕೊಟ್ಟು, ರಾತ್ರಿ ಮೂರು ಗಂಟೆಗೆ ಅಂಗಡಿ ತೆಗೆದು ಕೂರುವವನೂ ಅವನೇ. ಅವನ ಜಾಗಕ್ಕೆ ಸಂಘ ಬರಬೇಕಾದರೆ ಸಂಘವೂ ಮುಂಗಡ ಕೊಡಬೇಕು, ಸಂಘವೂ ಮೂರು ಗಂಟೆಗೆ ಏಳಬೇಕು. ಹತ್ತೂವರೆಗೆ ಬಾಗಿಲು ತೆಗೆದು ಐದಕ್ಕೆ ಬೀಗ ಹಾಕುವ ಕಚೇರಿಯಿಂದ ಹೂವಿನ ವ್ಯಾಪಾರ ಆಗೋದಿಲ್ಲ.

ಇದು ಬೆಳೆಗಾರನ ಗೋಳು ಮಾತ್ರ ಅಂತ ಪೇಟೆಯವರು ತಿಳಿಯಬಾರದು. ಹೂವು ಬಿದ್ದ ವಾರ ಗೊಬ್ಬರದ ಅಂಗಡಿಯ ಉದ್ದರಿ ಪುಸ್ತಕ ದಪ್ಪ ಆಗುತ್ತೆ. ಬಟ್ಟೆ ಅಂಗಡಿಗೆ ಬರುವ ಗಿರಾಕಿ ನಾಳೆ ಬರ್ತೀನಿ ಅಂತಾನೆ. ಬೆಲೆ ಏರಿದ ವಾರ ಬಸ್ ಸ್ಟ್ಯಾಂಡಿನ ಹತ್ತಿರ ಹೂ ಕಟ್ಟಿ ಮಾರುವ ಹೆಂಗಸು ಮಾರಿಗೆ ಎಷ್ಟು ಹೇಳೋದು ಅಂತ ಗೊತ್ತಾಗದೆ ಕೊಳ್ಳುವವರ ಬಾಯಿಗೆ ಬೀಳ್ತಾಳೆ. ಬೆಲೆಯ ಈ ಏರಿಳಿತದಲ್ಲಿ ಸುಖಪಡುವವರು ಬಹಳ ಕಮ್ಮಿ.

2020ರ ಯುಗಾದಿ

ಹೂವು ಎಷ್ಟು ನಾಜೂಕಿನ ವ್ಯಾಪಾರ ಅನ್ನೋದನ್ನು 2020 ತೋರಿಸಿತು. ಕೊರೊನಾ ಕಾಲದ ದೇಶವ್ಯಾಪಿ ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿ ಹಬ್ಬದ ದಿನವೇ ಆಗಿತ್ತು. ಹಬ್ಬಕ್ಕೆ ಅಂತ ಬೆಳೆದ ಹೂವು ಗಿಡದಲ್ಲೇ ನಿಂತಿತು. ಗುಡಿ ಬಾಗಿಲು ಮುಚ್ಚಿತು, ಮದುವೆ ನಿಂತಿತು. ರೈತರು ಹೂವಿನ ತೋಟವನ್ನೇ ಉತ್ತು ಹಾಕಿದರು. ಮೇ ತಿಂಗಳಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಒಂದು ಹೆಕ್ಟೇರಿನ ಮಿತಿಯಲ್ಲಿ ಪರಿಹಾರ ಸಾರಿದರು. ಎಕರೆಗೆ ಲೆಕ್ಕ ಹಾಕಿದರೆ ಹತ್ತು ಸಾವಿರ. ಏನೂ ಇಲ್ಲದ್ದಕ್ಕಿಂತ ಮೇಲು. ಹಾಕಿದ ಬಂಡವಾಳಕ್ಕೆ ಯಾವ ಮೂಲೆಗೂ ಸಾಲದು.

ಆಗ ಒಕಿನಾವಾದವರೂ ಪೆಟ್ಟು ತಿಂದರು. ಗುಂಪು ಸೇರುವ ಕಾರ್ಯಗಳೆಲ್ಲ ನಿಂತು ಜಪಾನಿನ ಹೂವಿನ ಪೇಟೆಯೂ ಕುಸಿಯಿತು. ಸಂಘ ಇದ್ದ ಮಾತ್ರಕ್ಕೆ ಸಿಡಿಲು ಬಡಿಯೋದಿಲ್ಲ ಅಂತ ಏನಿಲ್ಲ.

ದ್ವೀಪದಲ್ಲೂ ಮುಳ್ಳುಂಟು

ಒಕಿನಾವಾವನ್ನು ಸ್ವರ್ಗ ಅಂತ ತಿಳಿಯಬೇಕಾಗಿಲ್ಲ. ಅಲ್ಲಿ ನಾಟಿ ಮಾಡುವ ಕಾಲಕ್ಕೇ ಬಿರುಗಾಳಿಯ ಕಾಲ. ಎಳೆ ಗಿಡ ಕಿತ್ತು ಹೋಗಬಾರದು ಅಂತ ಗಟ್ಟಿ ಕಂಬ ನೆಟ್ಟು ಚಪ್ಪಟೆ ಚಪ್ಪರದಂತೆ ಬಲೆ ಬಿಗಿದ ಮನೆ ಕಟ್ಟಬೇಕಾಯಿತು. ಅದಕ್ಕೆ ಸರ್ಕಾರದ ನೆರವು ಬೇಕಾಯಿತು. ಸಾಗಣೆ ಖರ್ಚು ಯಾವಾಗಲೂ ಕುತ್ತಿಗೆ ಹಿಸುಕುವಂಥದ್ದು. ಪ್ರಾಂತ್ಯದ ಸರ್ಕಾರವೇ ಅದರಲ್ಲಿ ಪಾಲು ಹೊರಬೇಕಾಗಿ ಬಂತು. ಒಂದು ಸಂಘದ ಜತೆ ಇನ್ನೊಂದು ಸಂಘ ಅದೇ ಮಾರುಕಟ್ಟೆಗೆ ಅದೇ ಹೂವು ಕಳಿಸುವ ಪೈಪೋಟಿ ಬೇರೆ.

ಹೊರಗಿನ ಪೈಪೋಟಿ ಇನ್ನೂ ದೊಡ್ಡದು. ಮಲೇಶಿಯಾ, ವಿಯೆಟ್ನಾಂ, ಚೀನಾದಿಂದ ಸೇವಂತಿಗೆ ಜಪಾನಿಗೆ ಬಂದು ಇಳಿಯುತ್ತೆ. ಕತ್ತರಿಸಿದ ಹೂವಿಗೆ ಅಲ್ಲಿ ಆಮದು ಸುಂಕವೇ ಇಲ್ಲ. ಮನೆಯಲ್ಲಿ ಹಿರಿಯರ ಪೀಠ ಇಟ್ಟು ದಿನಾ ಹೂ ಇಡುವ ಪದ್ಧತಿಯೂ ಹೊಸ ತಲೆಮಾರಿನಲ್ಲಿ ಸಡಿಲ ಆಗ್ತಾ ಇದೆ. ಬೆಳೆಗಾರರಿಗೆ ವಯಸ್ಸಾಗ್ತಾ ಇದೆ. ಮಕ್ಕಳು ಪಟ್ಟಣ ಸೇರ್ತಿದ್ದಾರೆ. ಹೂವು ಕೊಳ್ಳುವವರೇ ಕಮ್ಮಿ ಆದರೆ ಎಂಥ ಸಂಘವೂ ಹೊಸ ಗಿರಾಕಿ ಹುಟ್ಟಿಸಲಾರದು.

ಆದರೂ ಒಂದು ಮಾತು ನಿಲ್ಲುತ್ತೆ. ಇಷ್ಟೆಲ್ಲ ಕಷ್ಟದ ನಡುವೆ, ತುಂಡು ಜಮೀನಿನವರು, ಸಮುದ್ರದಾಚೆಯ ಮಾರುಕಟ್ಟೆಗೆ, ಐದು ದಶಕದಿಂದ ಹೂವು ಕಳಿಸ್ತಾ ಇದ್ದಾರೆ. ಒಂಟಿಯಾಗಿದ್ದರೆ ಐದು ವರ್ಷವೂ ಆಗುತ್ತಿರಲಿಲ್ಲ.

ಇಲ್ಲಿ ಆಗೋದಿಲ್ಲ ಅನ್ನುವವರಿಗೆ

‘ನಮ್ಮ ಜನ ಒಂದಾಗೋದಿಲ್ಲ ಬಿಡ್ರೀ’ ಅನ್ನೋದು ಚಹಾ ಅಂಗಡಿಯ ಸಿದ್ಧ ಉತ್ತರ. ಇದು ಪೂರಾ ನಿಜವಲ್ಲ. ಭಾರತದ ಮೊದಲ ಗ್ರಾಮೀಣ ಪತ್ತಿನ ಸಹಕಾರ ಸಂಘಗಳಲ್ಲಿ ಹೆಸರಾದ ಕಣಗಿನಹಾಳ ಸಂಘ 1905ರಲ್ಲಿ ಹುಟ್ಟಿದ್ದು ಇದೇ ರಾಜ್ಯದ ಗದಗದ ಹತ್ತಿರ. ಬೆಂಗಳೂರಿನ ಹಾಪ್‌ಕಾಮ್ಸ್ ಅಂಗಡಿಗಳ ಮೂಲ 1959ರಲ್ಲಿ ಕಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಅದಕ್ಕೂ ಹತ್ತಿರ ಬೇಕೇ? ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲು ನೋಡಲಿ. ಹಾಲಿಗೆ ಜಿಡ್ಡು ನೋಡ್ತಾರೆ, ಅಳತೆ ಹಾಕ್ತಾರೆ, ಪುಸ್ತಕಕ್ಕೆ ಬರೀತಾರೆ. ಎರಡು ಲೀಟರಿನವಳಿಗೂ ಇಪ್ಪತ್ತು ಲೀಟರಿನವನಿಗೂ ಒಂದೇ ಸಾಲು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿಗೆ ಸರ್ಕಾರಿ ಮಾರುಕಟ್ಟೆ, ಬಹಿರಂಗ ಹರಾಜು. ಒಂದೇ ಮನೆಯವರು ಹಾಲನ್ನು ಸಂಘಕ್ಕೆ ಹಾಕ್ತಾರೆ, ಗೂಡನ್ನು ಹರಾಜಿಗೆ ಇಡ್ತಾರೆ, ಹೂವನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಟೆಂಪೋಗೆ ಏರಿಸ್ತಾರೆ.

ಹೂವಿಗೂ ಬೆಂಗಳೂರಿನ ಹೆಬ್ಬಾಳದಲ್ಲಿ 2007ರಿಂದ ಹರಾಜು ಕೇಂದ್ರ ಇದೆ. ಆದರೆ ಅದು ಮುಖ್ಯವಾಗಿ ಗುಲಾಬಿ, ಜರ್ಬೆರಾದಂಥ ಕಡ್ಡಿ ಹೂವಿನದು. ಕಿಲೋ ಲೆಕ್ಕದ ಬಿಡಿ ಸೇವಂತಿಗೆ ಬೆಳೆದವನಿಗೆ ಅದರಿಂದ ನೇರ ಪ್ರಯೋಜನ ಇಲ್ಲ. ಒಕಿನಾವಾದ ಹೂವು ಕಡ್ಡಿ ಸಮೇತ ಕತ್ತರಿಸಿದ್ದು. ತಂಪಿನಲ್ಲಿಟ್ಟರೆ ಎರಡು ವಾರ ತಡೆದೀತು. ಇಲ್ಲಿನದು ಬಿಡಿ ಹೂವು. ಎರಡು ಮೂರು ದಿನದಲ್ಲಿ ಬಾಡುತ್ತೆ. ತಡೆಯುವ ಶಕ್ತಿ ಕಮ್ಮಿ ಇರೋದರಿಂದಲೇ ಇಲ್ಲಿ ಮುಂಚಿನ ಲೆಕ್ಕ ಅಲ್ಲಿಗಿಂತ ಹೆಚ್ಚು ಬೇಕು.

ಮೊದಲ ಹೆಜ್ಜೆಗೆ ಕಟ್ಟಡ ಬೇಡ, ಲಾರಿ ಬೇಡ, ಉದ್ಘಾಟನೆಯ ರಿಬ್ಬನ್ನೂ ಬೇಡ. ಒಂದು ಹೋಬಳಿಗೆ ಒಂದು ಪುಸ್ತಕ ಸಾಕು. ಯಾರು, ಎಷ್ಟು ಗುಂಟೆ, ಐಶ್ವರ್ಯವೋ ಪೂರ್ಣಿಮಾವೋ, ಯಾವ ದಿನ ದೀಪ ಆರಿಸ್ತಾರೆ. ಈ ನಾಲ್ಕು ಕಾಲಂ. ದೀಪ ಆರಿಸುವ ಮುಂಚೆ ಎಲ್ಲರೂ ಒಂದು ಸಲ ಆ ಪುಸ್ತಕ ನೋಡಿದರೆ, ಯುಗಾದಿ ವಾರ ತುಂಬಿ ತುಳುಕ್ತಾ ಇದೆ, ನಮ್ಮದನ್ನು ಹತ್ತು ದಿನ ಮುಂದಕ್ಕೆ ಹಾಕೋಣ ಅಂತ ಕೆಲವರಾದರೂ ಯೋಚಿಸಿಯಾರು. ತೋಟಗಾರಿಕೆ ಇಲಾಖೆಯವರು ಸಸಿಗೆ, ಹನಿ ನೀರಾವರಿಗೆ ಸಬ್ಸಿಡಿ ಕೊಡೋ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಪುಸ್ತಕಕ್ಕೆ ತೋರಿಸಿದರೂ ಸಾಕು. 2020ರಿಂದ ಕೇಂದ್ರ ಸರ್ಕಾರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟಿಸುವ ಯೋಜನೆ ಶುರು ಮಾಡಿತು. ಅಂಥ ಸಂಸ್ಥೆಗಳು ಗೊಬ್ಬರ, ಔಷಧಿ ಮಾರುವ ಇನ್ನೊಂದು ಅಂಗಡಿಯಾಗಿ ಕೂತರೆ ಪ್ರಯೋಜನ ಇಲ್ಲ. ಈ ಲೆಕ್ಕ ಅವು ಹಿಡಿಯಬಹುದಾದ ಕೆಲಸ.

ಎರಡನೇ ಹೆಜ್ಜೆಯೇ ಕಷ್ಟದ್ದು. ಬೆಲೆ ಬಿದ್ದ ದಿನ ಎಲ್ಲರಿಗೂ ಸಂಘ ಬೇಕು. ಬೆಲೆ ಏರಿದ ದಿನ, ಮಂಡಿಯವನು ಕಿಲೋಗೆ ಐದು ರೂಪಾಯಿ ಜಾಸ್ತಿ ಕೊಡ್ತೀನಿ, ಸಂಘಕ್ಕೆ ಹಾಕಬೇಡ ಬಾ ಅಂತ ಕರೆದ ದಿನ, ಯಾರು ಸಂಘದ ಬಾಗಿಲಿಗೆ ಬರ್ತಾರೆ? ಹೂವಿನ ಸಂಘ ಉಳಿಯೋದೂ ಅಳಿಯೋದೂ ಆ ಬೆಳಗಿನ ಜಾವವೇ. ದ್ವೀಪದ ರೈತನಿಗೆ ಆ ಆಸೆ ತೋರಿಸಲು ಬಾಗಿಲಲ್ಲಿ ಟೆಂಪೋ ನಿಂತಿರಲಿಲ್ಲ, ಎದುರಿಗೆ ಸಮುದ್ರ ಇತ್ತು. ಇಲ್ಲಿ ಸಮುದ್ರ ಇಲ್ಲ. ಅದು ಮಾಡಿದ ಕೆಲಸವನ್ನು ಇಲ್ಲಿ ಒಬ್ಬರ ಮೇಲೊಬ್ಬರ ನಂಬಿಕೆಯೇ ಮಾಡಬೇಕು. ಹಾಲಿನ ವಿಷಯದಲ್ಲಿ ಆ ನಂಬಿಕೆ ಹುಟ್ಟಿದೆ. ವಾರವಾರ ತಪ್ಪದೆ ಕೈಗೆ ದುಡ್ಡು ಬಂದದ್ದರಿಂದ ಹುಟ್ಟಿದೆ, ಭಾಷಣದಿಂದಲ್ಲ.

ಮುಂದಿನ ಸುಗ್ಗಿಗೆ ಮತ್ತೆ ಹೊಲಗಳಲ್ಲಿ ಬಲ್ಬು ಹತ್ತುತ್ತೆ. ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ನೋಡಿ ಎಷ್ಟು ಚೆಂದ ಅಂತಾರೆ. ಆ ಬೆಳಕಿನ ಕೆಳಗೆ ಎಷ್ಟು ಸಾಲ ಬೆಳೀತಾ ಇದೆ, ಎಷ್ಟು ಹೂವು ಬೆಳೀತಾ ಇದೆ ಅನ್ನೋ ಲೆಕ್ಕ, ದೀಪ ಆರುವ ಮುಂಚೆ ಯಾರಾದರೂ ಬರೆದಿಟ್ಟರೆ ಒಳ್ಳೇದು. ದೀಪ ಆರಿದ ಮೇಲೆ ಹೂವು ಯಾರ ಮಾತೂ ಕೇಳೋದಿಲ್ಲ, ತನ್ನ ದಿನಕ್ಕೆ ಅರಳಿಯೇ ತೀರುತ್ತೆ.